ಡಿಸೆಂಬರ್ 31ರಂದು ಲೆಕ್ಕ ಒಪ್ಪಿಸಿದ ಮನೆವಾರ್ತೆಯವಳು: ಸಂತ ಮೆಲಾನಿಯಾ

ವರ್ಷದ ಕೊನೆಯ ದಿನ ಸಂಜೆ ನಮ್ಮ ದೇವಾಲಯಗಳಲ್ಲಿ ಕೃತಜ್ಞತಾರ್ಪಣೆಯ ಆರಾಧನೆ ನಡೆಯುವುದು ವಾಡಿಕೆ. ಕಳೆದ ಹನ್ನೆರಡು ತಿಂಗಳುಗಳಲ್ಲಿ ದೇವರು ದಯಪಾಲಿಸಿದ ವರಗಳನ್ನು ನೆನೆದು, ನಮ್ಮ ಲೋಪದೋಷಗಳಿಗಾಗಿ ಕ್ಷಮೆ ಬೇಡಿ, ಹೊಸ ವರ್ಷದ ಬಾಗಿಲಲ್ಲಿ ನಿಲ್ಲುತ್ತೇವೆ. ಅಂದು ಪೂಜಾಪಂಚಾಂಗದಲ್ಲಿ ಜಗದ್ಗುರು ಸಂತ ಸಿಲ್ವೆಸ್ತರರ ಹೆಸರು ಕಾಣುತ್ತದೆ. ಅದೇ ದಿನದ ಅಡಿಯಲ್ಲಿ ರೋಮಿನ ಸಂತರ ನಾಮಾವಳಿಯು ಒಬ್ಬ ಸ್ತ್ರೀಯ ಹೆಸರನ್ನೂ ಆಕೆಯೊಡನೆ ಆಕೆಯ ಪತಿಯ ಹೆಸರನ್ನೂ ಸ್ಮರಿಸುತ್ತದೆ. ಆಕೆಯೇ ಸಂತ ಮೆಲಾನಿಯಾ. ಆಕೆಯ ಅಜ್ಜಿಗೂ ಅದೇ ಹೆಸರಿದ್ದುದರಿಂದ ಧರ್ಮಸಭೆಯ ಚರಿತ್ರೆಯಲ್ಲಿ ಈಕೆಯನ್ನು ಕಿರಿಯ ಮೆಲಾನಿಯಾ ಎಂದು ಕರೆಯುತ್ತಾರೆ. ನಮ್ಮ ಕರಾವಳಿಯ ಕುಟುಂಬಗಳಲ್ಲಿ ಹೆಣ್ಣುಮಕ್ಕಳಿಗೆ ಈ ಹೆಸರನ್ನು ಇಡುವುದುಂಟು. ಆದರೆ ಹೆಸರಿನ ಹಿಂದಿರುವ ಜೀವನವನ್ನು ಬಲ್ಲವರು ವಿರಳ. ಶತಮಾನೋತ್ಸವವೆಂಬುದೂ ಒಂದು ರೀತಿಯಲ್ಲಿ ಲೆಕ್ಕ ಒಪ್ಪಿಸುವ ಸಂದರ್ಭವೇ ಆಗಿರುವುದರಿಂದ, ಮನೆಯ ಬೀಗದ ಕೈಗಳನ್ನೂ ಖರ್ಚಿನ ಪುಸ್ತಕವನ್ನೂ ಕೈಯಲ್ಲಿ ಹಿಡಿದಿರುವ ನಮ್ಮ ತಾಯಂದಿರ ಮುಂದೆ ಈ ಜೀವನವನ್ನು ಇರಿಸಲು ನಾವು ಇಚ್ಛಿಸುತ್ತೇವೆ.

ಆಕೆಯ ವಿಷಯವನ್ನು ನಮಗೆ ತಿಳಿಸಿದವರು ಮುಖ್ಯವಾಗಿ ಇಬ್ಬರು. ಮರುಭೂಮಿಯ ತಪಸ್ವಿಗಳ ಚರಿತ್ರೆಯನ್ನು ಬರೆದ ಪಲ್ಲಾದಿಯುಸ್ ಎಂಬ ಧರ್ಮಾಧ್ಯಕ್ಷರು ಆಕೆ ಬದುಕಿದ್ದಾಗಲೇ ಆಕೆಯ ಬಗ್ಗೆ ಒಂದು ಅಧ್ಯಾಯವನ್ನು ಬರೆದರು. ಜೆರುಸಲೇಮಿನಲ್ಲಿ ಆಕೆಯ ಬಳಿ ವರ್ಷಗಟ್ಟಲೆ ಇದ್ದ ಗೆರೊಂತಿಯುಸ್ ಎಂಬ ಗುರುಗಳು ಆಕೆಯ ಮರಣಾನಂತರ ಪೂರ್ಣ ಜೀವನಚರಿತ್ರೆಯನ್ನು ರಚಿಸಿದರು. ಈ ಚರಿತ್ರೆಯ ಲತೀನ್ ಪಾಠವು ಸ್ಪೇನ್ ದೇಶದ ಎಸ್ಕೋರಿಯಲ್ ಗ್ರಂಥಭಂಡಾರದಲ್ಲಿ ಮರೆಯಾಗಿ ಉಳಿದಿತ್ತು. ಕಾರ್ಡಿನಲ್ ರಂಪೋಲ್ಲಾ ಅವರು ಮದ್ರೀದಿನಲ್ಲಿ ಜಗದ್ಗುರುಗಳ ರಾಯಭಾರಿಯಾಗಿದ್ದಾಗ ಅದನ್ನು ಕಂಡುಹಿಡಿದು, 1905ರಲ್ಲಿ ಪ್ರಕಟಿಸಿದರು. ಹದಿನೈದು ಶತಮಾನಗಳ ಹಿಂದಿನ ಒಬ್ಬ ಗೃಹಿಣಿಯ ಆಸ್ತಿಯ ವಿವರಗಳು ನಮಗೆ ಇಷ್ಟರಮಟ್ಟಿಗೆ ತಿಳಿದುಬಂದಿರುವುದು ಆಶ್ಚರ್ಯವೇ ಸರಿ.

ಮೆಲಾನಿಯಾ 383ರ ಸುಮಾರಿಗೆ ರೋಮ್ ನಗರದಲ್ಲಿ ಜನಿಸಿದಳು. ತಂದೆ ವಲೇರಿಯುಸ್ ಪುಬ್ಲಿಕೋಲಾ, ತಾಯಿ ಅಲ್ಬೀನಾ. ಎರಡೂ ಕಡೆ ಹಿರಿಯ ಮನೆತನ. ರಾಜ್ಯಾಧಿಕಾರ, ನಗರಾಧಿಕಾರಗಳನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದ ವಂಶ. ಅಜ್ಜಿ ಹಿರಿಯ ಮೆಲಾನಿಯಾ ಎಳೆಯ ವಯಸ್ಸಿನಲ್ಲಿಯೇ ವಿಧವೆಯಾಗಿ, ರೋಮನ್ನು ಬಿಟ್ಟು ಜೆರುಸಲೇಮಿಗೆ ಹೋಗಿ ಮಠ ಕಟ್ಟಿಕೊಂಡಿದ್ದಳು. ಪುಬ್ಲಿಕೋಲಾನಿಗೆ ಉಳಿದ ಆಸೆ ಒಂದೇ: ಇಷ್ಟು ದೊಡ್ಡ ಆಸ್ತಿಗೆ ಮಗಳಿಂದ ವಾರಸುದಾರರು ಹುಟ್ಟಬೇಕು. ಆದುದರಿಂದ ಆಕೆಗೆ ಹದಿನಾಲ್ಕು ವರ್ಷ ವಯಸ್ಸಾದಾಗ, ಅದೇ ಮನೆತನದ ಹದಿನೇಳು ವರ್ಷದ ಪಿನಿಯಾನನಿಗೆ ಕೊಟ್ಟು ವಿವಾಹ ಮಾಡಿದರು. ಆಕೆಯ ಇಷ್ಟವನ್ನು ಕೇಳಿದವರಿಲ್ಲ.

ಹುಡುಗಿಯ ಮನಸ್ಸಾದರೋ ಅಜ್ಜಿಯ ದಾರಿಯಲ್ಲಿತ್ತು. ತನ್ನೊಡನೆ ಬ್ರಹ್ಮಚರ್ಯದಲ್ಲಿ ಬಾಳುವಂತೆ ಪತಿಯನ್ನು ಬೇಡಿಕೊಂಡಳು. ಬೇಕಾದರೆ ತನ್ನ ಆಸ್ತಿಯನ್ನೆಲ್ಲ ತೆಗೆದುಕೊಂಡು ತನ್ನನ್ನು ಬಿಟ್ಟುಬಿಡಬೇಕೆಂದೂ ಕೇಳಿಕೊಂಡಳು. ಪಿನಿಯಾನನು ಸಿಟ್ಟಾಗಲಿಲ್ಲ. ಮನೆತನಕ್ಕೆ ಇಬ್ಬರು ಮಕ್ಕಳಾಗಲಿ, ಆ ಬಳಿಕ ಇಬ್ಬರೂ ಕೂಡಿಯೇ ಲೋಕವನ್ನು ತ್ಯಜಿಸೋಣ ಎಂಬ ಒಪ್ಪಂದಕ್ಕೆ ಬಂದನು. ಮೊದಲು ಹೆಣ್ಣುಮಗುವಾಯಿತು. ಎರಡನೆಯ ಬಾರಿ ಗರ್ಭಿಣಿಯಾಗಿದ್ದಾಗ ಸಂತ ಲಾರೆನ್ಸರ ಹಬ್ಬದ ಮುನ್ನಾದಿನ ಆಕೆ ಇಡೀ ರಾತ್ರಿ ಮನೆಯಲ್ಲಿಯೇ ಮೊಣಕಾಲೂರಿ ಜಾಗರಣೆ ಮಾಡಿದಳು. ದಿನ ತುಂಬುವ ಮೊದಲೇ ಗಂಡುಮಗು ಹುಟ್ಟಿ, ಜ್ಞಾನಸ್ನಾನ ಪಡೆದು ತೀರಿಕೊಂಡಿತು. ಆಕೆಯ ಪ್ರಾಣವೂ ಅಪಾಯದಲ್ಲಿತ್ತು. ಹೆಚ್ಚು ಕಾಲ ಕಳೆಯುವ ಮೊದಲೇ ಹೆಣ್ಣುಮಗುವೂ ತೀರಿಹೋಯಿತು. ಇಪ್ಪತ್ತು ವರ್ಷದ ಆ ತಾಯಿಯ ದುಃಖವನ್ನು ಗೆರೊಂತಿಯುಸರು ವಿವರಿಸುವ ಗೋಜಿಗೆ ಹೋಗಿಲ್ಲ. ಅವರ ದೃಷ್ಟಿ ಆಕೆಯ ವ್ರತದ ಮೇಲಿತ್ತು. ಮಕ್ಕಳನ್ನು ಕಳೆದುಕೊಂಡ ತಾಯಂದಿರನ್ನು ಸಂತೈಸುವ ಹೊಣೆ ಹೊತ್ತ ನಾವು ಆ ಎರಡು ಚಿಕ್ಕ ಸಮಾಧಿಗಳನ್ನು ದಾಟಿ ಅಷ್ಟು ಸುಲಭವಾಗಿ ಮುಂದೆ ಹೋಗಲಾರೆವು. ಗರ್ಭಿಣಿಯರು ಆಕೆಯ ಜಾಗರಣೆಯನ್ನು ಅನುಸರಿಸಬೇಕೆಂದು ಯಾವ ಗುರುವೂ ಹೇಳಲಾರನೆಂಬುದನ್ನೂ ಇಲ್ಲಿಯೇ ಸೇರಿಸಿಬಿಡುತ್ತೇವೆ.

ಪಿನಿಯಾನನು ಮಾತಿಗೆ ತಪ್ಪಲಿಲ್ಲ. ಆದರೆ ತಂದೆ ಪುಬ್ಲಿಕೋಲಾ ಬದುಕಿರುವಷ್ಟು ಕಾಲ ಒಪ್ಪಿಗೆ ಸಿಗಲಿಲ್ಲ. ಊರವರ ನಾಲಗೆಗೆ ಆತನು ಅಂಜುತ್ತಿದ್ದನು. ಮರಣಶಯ್ಯೆಯಲ್ಲಿ ಮಗಳನ್ನೂ ಅಳಿಯನನ್ನೂ ಕರೆದು, ಅವರ ಸಂಕಲ್ಪಕ್ಕೆ ಅಡ್ಡಬಂದುದಕ್ಕಾಗಿ ಕ್ಷಮೆ ಕೇಳಿ, ಆಸ್ತಿಯನ್ನು ಅವರ ಇಚ್ಛೆಗೇ ಬಿಟ್ಟು ಕಣ್ಣು ಮುಚ್ಚಿದನು. ದಂಪತಿಗಳು ತಾಯಿ ಅಲ್ಬೀನಾಳೊಡನೆ ನಗರದ ಹೊರವಲಯದ ಒಂದು ಮನೆಗೆ ಹೊರಟುಹೋದರು. ಬೆಲೆಬಾಳುವ ರೇಷ್ಮೆಯನ್ನು ಬಿಟ್ಟು ಒರಟು ಬಟ್ಟೆಯನ್ನುಟ್ಟರು. ಎಳೆಯ ವಯಸ್ಸಿನಲ್ಲಿ ಮೆಲಾನಿಯಾಳ ಚರ್ಮವು ಎಷ್ಟು ಕೋಮಲವಾಗಿತ್ತೆಂದರೆ, ಕಸೂತಿಯ ಉಡುಪಿನ ದಾರ ತಾಗಿದರೂ ಉರಿಯೇಳುತ್ತಿತ್ತಂತೆ. ಅದೇ ಮೈ ಮೇಲೆ ಮುಂದೆ ಗೋಣಿತಟ್ಟಿನಂಥ ವಸ್ತ್ರವು ವರ್ಷಗಟ್ಟಲೆ ಇದ್ದಿತು.

ಇನ್ನು ಆಸ್ತಿಯ ವಿಚಾರ. ಪಿನಿಯಾನನೊಬ್ಬನ ವರಮಾನವೇ ವರ್ಷಕ್ಕೆ 1,20,000 ಚಿನ್ನದ ನಾಣ್ಯಗಳೆಂದು ಗೆರೊಂತಿಯುಸರು ಬರೆಯುತ್ತಾರೆ. ಮೆಲಾನಿಯಾಳ ಪಾಲು ಅದರಲ್ಲಿ ಸೇರಿಲ್ಲ. ಇಟಲಿ, ಸಿಸಿಲಿ, ಸ್ಪೇನ್, ಉತ್ತರ ಆಫ್ರಿಕ, ದೂರದ ಬ್ರಿಟನ್, ಹೀಗೆ ಸಾಮ್ರಾಜ್ಯದ ಉದ್ದಗಲಕ್ಕೂ ಅವರ ಜಮೀನುಗಳು ಹರಡಿದ್ದವು. ಇವನ್ನು ಹಂಚಿಬಿಡುವುದು ಸುಲಭವೆಂದು ನಾವು ಎಣಿಸಬಹುದು. ಕೊಡುವ ಮನಸ್ಸಿದ್ದರೆ ಕೊಟ್ಟರಾಯಿತು, ಅದರಲ್ಲೇನಿದೆ? ಆದರೆ ಕೂಡಿಡುವುದಕ್ಕಿಂತಲೂ ಸರಿಯಾಗಿ ಕೊಡುವುದು ಕಷ್ಟವೆಂಬುದನ್ನು ಈ ದಂಪತಿಗಳು ಹೆಜ್ಜೆ ಹೆಜ್ಜೆಗೂ ಅನುಭವಿಸಿದರು.

ಮೊದಲನೆಯ ತೊಡಕು ಬಂಧುಗಳಿಂದ. ಹಿರಿಯ ಮನೆತನಗಳ ಆಸ್ತಿ ಚದುರಿಹೋಗುವುದನ್ನು ಇಡೀ ವರ್ಗವೇ ವಿರೋಧಿಸಿತು. ಪಿನಿಯಾನನ ಸಹೋದರ ಸೆವೇರುಸನು ಜಮೀನುಗಳು ತನಗೆ ಸೇರಲೆಂದು ಒಳಗಿಂದೊಳಗೆ ಕೆಲಸ ನಡೆಸಿದನು. ರೋಮಿನ ಸುತ್ತಮುತ್ತಲಿನ ಜಮೀನುಗಳ ದಾಸರು ತಮ್ಮನ್ನು ಮಾರುವುದಾದರೆ ಸೆವೇರುಸನಿಗೇ ಮಾರಬೇಕು, ಅನ್ಯರ ಕೈಗೆ ಕೊಡಬಾರದು ಎಂದು ತಿರುಗಿ ನಿಂತರು. ದಂಪತಿಗಳು ಗಾಬರಿಯಾದರು. ಕಡೆಗೆ ಮೆಲಾನಿಯಾ ಧೈರ್ಯ ಮಾಡಿ ಸೆರೆನಾ ಎಂಬ ರಾಜಮಹಿಳೆಯ ಬಳಿಗೆ ಹೋದಳು. ಸೆರೆನಾ ಸೇನಾಪತಿ ಸ್ತಿಲಿಕೋವಿನ ಪತ್ನಿ, ಹೊನೋರಿಯುಸ್ ಚಕ್ರವರ್ತಿಗೆ ಅತ್ತೆ. ಆಕೆಗೆ ಕಾಣಿಕೆಯಾಗಿ ಸ್ಫಟಿಕದ ಪಾತ್ರೆಗಳನ್ನೂ ಆಭರಣಗಳನ್ನೂ ಕೊಂಡೊಯ್ದಿದ್ದರು. ಸೆರೆನಾ ಒಂದನ್ನೂ ಮುಟ್ಟಲಿಲ್ಲ, ಅರಮನೆಯ ಸೇವಕರು ಸಹ ಏನನ್ನೂ ಪಡೆಯಕೂಡದೆಂದು ಅಪ್ಪಣೆ ಮಾಡಿದಳು. ಆಕೆಯ ಮಾತಿನ ಮೇಲೆ ಚಕ್ರವರ್ತಿಯು ಪ್ರಾಂತಗಳ ಅಧಿಕಾರಿಗಳೇ ನಿಂತು ಆ ಜಮೀನುಗಳನ್ನು ಮಾರಿ ಹಣವನ್ನು ತಲುಪಿಸಬೇಕೆಂದು ಆಜ್ಞೆ ಹೊರಡಿಸಿದನು. ಆದರೂ ರೋಮಿನಲ್ಲಿದ್ದ ಅರಮನೆಯಂಥ ಮನೆಯನ್ನು ಕೊಳ್ಳುವವರು ಸಿಗಲಿಲ್ಲ. ಸೆರೆನಾಳಿಗೂ ಅದರ ಬೆಲೆ ತೆರಲು ಸಾಧ್ಯವಾಗಲಿಲ್ಲವಂತೆ!

ಎರಡನೆಯ ತೊಡಕು ದಾಸರದು. ಈ ವಿಷಯವನ್ನು ಅನೇಕ ಧಾರ್ಮಿಕ ಪುಸ್ತಕಗಳು ಮೆಲ್ಲನೆ ಮುಚ್ಚಿಬಿಡುತ್ತವೆ. ನಾವು ಹಾಗೆ ಮಾಡಬಯಸುವುದಿಲ್ಲ. ಬಿಡುಗಡೆಯನ್ನು ಬಯಸಿದ 8,000 ದಾಸರನ್ನು ಮೆಲಾನಿಯಾ ಬಿಡುಗಡೆ ಮಾಡಿದಳೆಂದು ಪಲ್ಲಾದಿಯುಸರು ಹೇಳುತ್ತಾರೆ. ಬಿಡುಗಡೆ ಬೇಡವೆಂದವರನ್ನು ತಲೆಗೆ ಮೂರು ನಾಣ್ಯದಂತೆ ಪತಿಯ ಸಹೋದರನಿಗೇ ಮಾರಿದಳು. ಮನುಷ್ಯರನ್ನು ಮಾರುವುದೆಂಬ ಮಾತೇ ಇಂದು ನಮ್ಮ ಅಂತಃಕರಣವನ್ನು ಚುಚ್ಚುತ್ತದೆ. ಅವರೇಕೆ ಬಿಡುಗಡೆಯನ್ನು ಒಲ್ಲೆನೆಂದರು? ಭೂಮಿಯಿಲ್ಲದೆ, ಆಶ್ರಯವಿಲ್ಲದೆ, ಗೋಥರ ದಂಡು ಇಟಲಿಯಲ್ಲಿ ತಿರುಗುತ್ತಿದ್ದ ಕಾಲದಲ್ಲಿ, ಬರಿಗೈಯ ಸ್ವಾತಂತ್ರ್ಯವು ಹಸಿವಿನ ಇನ್ನೊಂದು ಹೆಸರಾಗಬಹುದೆಂದು ಅವರು ಭಯಪಟ್ಟಿರಬೇಕು. ಒಡತಿಯ ಆತ್ಮದ ಹಿತಕ್ಕಾಗಿ ಆಸ್ತಿಯು ಕರಗುವಾಗ ಅದರ ನೆರಳಿನಲ್ಲಿ ಬಾಳುತ್ತಿದ್ದ ಸಾವಿರಾರು ಬಡವರ ಗತಿಯೇನು ಎಂಬ ಪ್ರಶ್ನೆಯನ್ನು ಆ ಕಾಲದ ಲೇಖಕರು ಎತ್ತಲಿಲ್ಲ. ನಮ್ಮ ಮನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಸಂಬಳವನ್ನು ಬಾಕಿ ಇಟ್ಟುಕೊಂಡು ದೇವಾಲಯದ ಹುಂಡಿಗೆ ನೋಟು ಹಾಕುವವರು ನಮ್ಮಲ್ಲಿ ಯಾರಾದರೂ ಇದ್ದರೆ, ಈ ಪ್ರಶ್ನೆ ಅವರಿಗೂ ತಟ್ಟೀತು.

ಮೂರನೆಯ ತೊಡಕು ಆಕೆಯ ಒಳಗಿನದೇ ಆಗಿತ್ತು. ಒಮ್ಮೆ ಬಡವರಿಗೆ ಕಳುಹಿಸಬೇಕಾದ ಚಿನ್ನವನ್ನು ಮನೆಯಲ್ಲಿ ರಾಶಿ ಹಾಕಿದ್ದಾಗ, ಇಡೀ ಮನೆಯೇ ಆ ಹೊಳಪಿನಿಂದ ಹೊತ್ತಿಕೊಂಡಂತೆ ಆಕೆಗೆ ಕಂಡಿತು. ಮನಸ್ಸು ಒಂದು ಕ್ಷಣ ಅಲ್ಲಿ ನಿಂತಿತು. ಇನ್ನೊಮ್ಮೆ ತಮ್ಮದೇ ಒಂದು ಜಮೀನಿನ ಸ್ನಾನಕೊಳವು ನೆನಪಿಗೆ ಬಂತು. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಕಾಡು. ಕೊಳದಲ್ಲಿ ಈಜುತ್ತ ಒಂದು ಕಡೆ ಹಡಗುಗಳನ್ನೂ ಇನ್ನೊಂದು ಕಡೆ ಜಿಂಕೆ, ಕಾಡುಹಂದಿಗಳನ್ನೂ ನೋಡಬಹುದಾಗಿತ್ತು. ಇದನ್ನೇಕೆ ಬಿಡಬೇಕು ಎಂಬ ಆಲೋಚನೆ ಸುಳಿಯಿತು. ಸೈತಾನನ ಮಾತೆಂದು ಅದನ್ನು ಆಕೆ ತಳ್ಳಿಹಾಕಿದಳಾದರೂ ಮುದಿಪ್ರಾಯದಲ್ಲಿ ಅದನ್ನು ಮರೆಮಾಚದೆ ಹೇಳಿಕೊಂಡಳು. ಆಕೆಯ ತ್ಯಾಗದ ವಿವರಗಳಿಗಿಂತ ಈ ಸ್ನಾನಕೊಳದ ನೆನಪೇ ಆಕೆಯನ್ನು ನಮಗೆ ಹತ್ತಿರದವಳನ್ನಾಗಿ ಮಾಡುತ್ತದೆ.

ಅಷ್ಟರಲ್ಲಿ ಲೋಕವೇ ಉರುಳತೊಡಗಿತು. 408ರಲ್ಲಿ ಸ್ತಿಲಿಕೋ ಕೊಲ್ಲಲ್ಪಟ್ಟನು. ಗೋಥರು ರೋಮನ್ನು ಮುತ್ತಿದಾಗ ಸೆರೆನಾಳೂ ಕೊಲೆಯಾದಳು. ನಗರಾಧಿಕಾರಿ ಪೊಂಪೆಯಾನುಸನು ಈ ದಂಪತಿಗಳ ಉಳಿದ ಆಸ್ತಿಯನ್ನು ಬೊಕ್ಕಸಕ್ಕೆ ಸೇರಿಸಿಕೊಳ್ಳಲು ಹೊರಟಿದ್ದನು. ಅಷ್ಟರಲ್ಲಿ ರೊಟ್ಟಿಯಿಲ್ಲದೆ ಕೆರಳಿದ ಜನರು ಅವನನ್ನೇ ಬೀದಿಯಲ್ಲಿ ಕೊಂದರು. 410ರ ಆಗಸ್ಟ್ ತಿಂಗಳಲ್ಲಿ ಅಲಾರಿಕನು ರೋಮನ್ನು ಸೂರೆಗೊಂಡನು. ಕೊಳ್ಳುವವರಿಲ್ಲದೆ ಉಳಿದಿದ್ದ ಆ ದೊಡ್ಡ ಮನೆ ಸುಟ್ಟುಹೋಯಿತು. ಬಳಿಕ ಅದು ಹೋದದ್ದು ಕವಡೆಯ ಬೆಲೆಗೆ. ಆದರೆ ಮೊದಲೇ ಮಾರಿದ ಜಮೀನುಗಳ ಹಣವು ಪಲೆಸ್ತೀನಕ್ಕೆ 15,000, ಈಜಿಪ್ಟಿಗೆ 10,000, ಅಂತಿಯೋಕ್ಯಕ್ಕೆ 10,000 ನಾಣ್ಯಗಳೆಂಬ ಲೆಕ್ಕದಲ್ಲಿ ಬಡವರನ್ನೂ ಮಠಗಳನ್ನೂ ಆಗಲೇ ತಲುಪಿತ್ತು. ರೇಷ್ಮೆಯ ಉಡುಪುಗಳು ಬಲಿಪೀಠಗಳ ವಸ್ತ್ರಗಳಾಗಿದ್ದವು. ಹಿಡಿದಿಟ್ಟುಕೊಂಡವರು ಕಳೆದುಕೊಂಡರು, ಕೊಟ್ಟಿದ್ದು ಉಳಿದಿತ್ತು.

ಕುಟುಂಬವು ಇಟಲಿಯನ್ನು ಬಿಟ್ಟು ಸಿಸಿಲಿಗೆ ಹೋಗಿ, ಅಲ್ಲಿಂದ ಆಫ್ರಿಕಕ್ಕೆ ಹಡಗು ಹತ್ತಿತು. ದಾರಿಯಲ್ಲಿ ಬಿರುಗಾಳಿಯು ಅವರನ್ನು ಒಂದು ದ್ವೀಪಕ್ಕೆ ತಳ್ಳಿತು. ಅಲ್ಲಿಯ ಜನರನ್ನು ಪರಕೀಯರು ಸೆರೆಹಿಡಿದು ಬಿಡುಗಡೆಯ ಹಣ ಕೇಳುತ್ತಿದ್ದರು. ದಂಪತಿಗಳು ಚಿನ್ನವನ್ನು ಎಣಿಸಿಕೊಟ್ಟು ಅವರನ್ನು ಬಿಡಿಸಿದರು. ಮುಂದೆ ನೆಲೆಸಿದ್ದು ತಗಾಸ್ತೆ ಎಂಬ ಚಿಕ್ಕ ಊರಿನಲ್ಲಿ. ಅದು ಸಂತ ಅಗುಸ್ತೀನರ ಹುಟ್ಟೂರು. ಅವರ ಜೀವದ ಗೆಳೆಯ ಸಂತ ಅಲಿಪಿಯುಸರು ಅಲ್ಲಿಯ ಧರ್ಮಾಧ್ಯಕ್ಷರು. ಅಲ್ಲಿ ಈ ಕುಟುಂಬಕ್ಕಿದ್ದ ಜಮೀನು ಊರಿಗಿಂತಲೂ ದೊಡ್ಡದಾಗಿತ್ತು. ಚಿನ್ನ, ಬೆಳ್ಳಿ, ತಾಮ್ರದ ಕೆಲಸಗಾರರೂ ಇಬ್ಬರು ಧರ್ಮಾಧ್ಯಕ್ಷರೂ, ಎಂದರೆ ನಮ್ಮವರೊಬ್ಬರು, ದೊನಾತಿಸ್ತ ಪಂಗಡದವರೊಬ್ಬರು, ಆ ಜಮೀನಿನೊಳಗೇ ಇದ್ದರೆಂದರೆ ಅದರ ವಿಸ್ತಾರವನ್ನು ಊಹಿಸಬಹುದು.

ಇಲ್ಲಿ ಆಕೆಯ ಜೀವನದ ದಿಕ್ಕನ್ನೇ ತಿದ್ದಿದ ಒಂದು ಸಲಹೆ ದೊರೆಯಿತು. ಅಗುಸ್ತೀನರು, ಅಲಿಪಿಯುಸರು, ಕಾರ್ಥೇಜಿನ ಔರೇಲಿಯುಸರು, ಈ ಮೂವರು ಧರ್ಮಾಧ್ಯಕ್ಷರೂ ಸೇರಿ ಆಕೆಗೆ ಹೇಳಿದ್ದೇನೆಂದರೆ, ಮಠಗಳಿಗೆ ನಗದು ಹಣವನ್ನು ಕೊಟ್ಟರೆ ಅದು ಬೇಗನೆ ಖರ್ಚಾಗಿಹೋಗುತ್ತದೆ. ಪ್ರತಿಯೊಂದು ಮಠಕ್ಕೂ ಒಂದು ಮನೆಯನ್ನೂ ವರ್ಷ ವರ್ಷ ವರಮಾನ ಬರುವ ನೆಲವನ್ನೂ ಕೊಟ್ಟರೆ ನೆನಪು ಶಾಶ್ವತವಾಗಿ ಉಳಿಯುತ್ತದೆ. ಮೆಲಾನಿಯಾ ಅದನ್ನು ಅಕ್ಷರಶಃ ಪಾಲಿಸಿದಳು. ತಗಾಸ್ತೆಯಲ್ಲಿ ಎರಡು ಮಠಗಳನ್ನು ಕಟ್ಟಿಸಿ, ಒಂದರಲ್ಲಿ 80 ಮಂದಿ ಪುರುಷರಿಗೂ ಇನ್ನೊಂದರಲ್ಲಿ 130 ಮಂದಿ ಕನ್ಯೆಯರಿಗೂ ಸಾಕಾಗುವಷ್ಟು ಉತ್ಪತ್ತಿಯನ್ನು ನಿಗದಿ ಮಾಡಿದಳು. ಅಲ್ಲಿಯ ಬಡ ದೇವಾಲಯಕ್ಕೂ ಜಮೀನನ್ನು ಬಿಟ್ಟುಕೊಟ್ಟಳು. ಅದುವರೆಗೆ ಆಕೆ ಕೊಟ್ಟಿದ್ದು ಹೃದಯದ ಬೆಂಕಿಯಿಂದ. ಈಗ ಆ ಬೆಂಕಿಗೆ ಒಲೆ ಸಿಕ್ಕಿತು. ಕೊಡುವ ಕೈ ಎಷ್ಟೇ ಉದಾರವಾಗಿದ್ದರೂ, ಪಡೆದವನು ನಾಳೆ ಏನು ಉಣ್ಣುವನೆಂದು ಯೋಚಿಸುವ ತಲೆಯೂ ಬೇಕಲ್ಲವೇ? ದಿನದ ಅಡಿಗೆಯ ಅಕ್ಕಿಯಲ್ಲಿ ಒಂದು ಹಿಡಿಯನ್ನು ಬಡವರಿಗಾಗಿ ತೆಗೆದಿಡುವ ಗೃಹಿಣಿಗೆ ಈ ತತ್ತ್ವವನ್ನು ಯಾರೂ ಕಲಿಸಬೇಕಾಗಿಲ್ಲ. ದೊಡ್ಡ ಆಸ್ತಿವಂತರಿಗೆ ಮಾತ್ರ ಮೂವರು ಧರ್ಮಾಧ್ಯಕ್ಷರು ಬೇಕಾದರು.

ಆಫ್ರಿಕದ ಈ ದಿನಗಳಲ್ಲಿಯೇ ಒಂದು ಕಹಿ ಘಟನೆ ನಡೆಯಿತು. ಅದು ನಮ್ಮಂಥ ಗುರುಗಳಿಗೂ ದೇವಾಲಯದ ಆಡಳಿತ ನೋಡುವವರಿಗೂ ಹೆಚ್ಚು ಸಂಬಂಧಪಟ್ಟದ್ದು. 411ರಲ್ಲಿ ದಂಪತಿಗಳು ಅಗುಸ್ತೀನರನ್ನು ಕಾಣಲು ಹಿಪ್ಪೋ ನಗರಕ್ಕೆ ಹೋದರು. ದೇವಾಲಯದಲ್ಲಿ ನೆರೆದಿದ್ದ ಜನರು ಇದ್ದಕ್ಕಿದ್ದಂತೆ ಪಿನಿಯಾನನನ್ನು ತಮ್ಮ ಗುರುವಾಗಿ ಅಭಿಷೇಕಿಸಬೇಕೆಂದು ಕೂಗತೊಡಗಿದರು. ಅವನ ಇಚ್ಛೆಗೆ ವಿರುದ್ಧವಾಗಿ ಅಭಿಷೇಕಿಸುವುದಿಲ್ಲವೆಂದು ಅಗುಸ್ತೀನರು ಮೊದಲೇ ಮಾತು ಕೊಟ್ಟಿದ್ದರು; ಆ ಮಾತನ್ನು ಮುರಿಯುವಂತೆ ಬಲಾತ್ಕರಿಸಿದರೆ ತಾವು ನಿಮ್ಮ ಧರ್ಮಾಧ್ಯಕ್ಷರಾಗಿ ಉಳಿಯುವುದಿಲ್ಲವೆಂದು ಜನರಿಗೆ ಎಚ್ಚರಿಸಿದರು. ಗದ್ದಲ ನಿಲ್ಲಲಿಲ್ಲ. ಧರ್ಮಾಧ್ಯಕ್ಷ ಅಲಿಪಿಯುಸರನ್ನೇ ಜನರು ನಿಂದಿಸಿದರು. ಕಡೆಗೆ ಪಿನಿಯಾನನು ತಾನು ಹಿಪ್ಪೋದಲ್ಲಿಯೇ ವಾಸಿಸುವೆನು, ಗುರುವಾಗುವುದಾದರೆ ಬೇರೆಲ್ಲಿಯೂ ಆಗುವುದಿಲ್ಲ ಎಂದು ಆಣೆ ಮಾಡಿದ ಮೇಲೆಯೇ ಅವನಿಗೆ ಬಿಡುಗಡೆ ದೊರೆಯಿತು. ಮರುದಿನವೇ ಅವನು ತಗಾಸ್ತೆಗೆ ಹೊರಟುಹೋದನು.

ಹಿಪ್ಪೋದ ಜನರಿಗೆ ಬೇಕಾಗಿದ್ದುದು ಗುರುವಲ್ಲ, ಗುರುವಿನ ಹಣ ಎಂದು ಅಲ್ಬೀನಾ ನೇರವಾಗಿ ದೂರಿದಳು. ಅಗುಸ್ತೀನರು ಆಕೆಗೆ ದೀರ್ಘವಾದ ಪತ್ರ ಬರೆದು, ತಮ್ಮ ಜನರು ಪಿನಿಯಾನನ ಸದ್ಗುಣವನ್ನು ಮೆಚ್ಚಿ ಹಾಗೆ ಮಾಡಿದರೆಂದು ಸಮರ್ಥಿಸಿಕೊಂಡರು. ಬಲವಂತದ ಆಣೆಯನ್ನೂ ಪಾಲಿಸಬೇಕೆಂದು ವಾದಿಸಿದರು. ಆ ಪತ್ರ ಇಂದಿಗೂ ಉಳಿದಿದೆ. ಅಗುಸ್ತೀನರ ಮೇಲೆ ನಮಗೆ ಎಷ್ಟೇ ಪೂಜ್ಯಭಾವವಿದ್ದರೂ, ಈ ಒಂದು ವಿಷಯದಲ್ಲಿ ಆ ವೃದ್ಧ ತಾಯಿಯ ಸಂದೇಹವನ್ನು ಸುಳ್ಳೆಂದು ತಳ್ಳಿಹಾಕಲು ನಮಗೆ ಸಾಧ್ಯವಾಗುವುದಿಲ್ಲ. ಹಣವಂತ ಭಕ್ತನು ದೇವಾಲಯದ ಹೊಸ್ತಿಲು ದಾಟಿದಾಗ ನಮ್ಮ ಕಣ್ಣು ಮೊದಲು ಅವನ ಕೈಯತ್ತ ಹೋಗುತ್ತದೆಯೋ ಮುಖದತ್ತ ಹೋಗುತ್ತದೆಯೋ ಎಂಬುದನ್ನು ನಾವು ನಾವೇ ಬಲ್ಲೆವು.

ಏಳು ವರ್ಷಗಳ ಬಳಿಕ, 417ರಲ್ಲಿ, ತಾಯಿ, ಮಗಳು, ಅಳಿಯ ಮೂವರೂ ಅಲೆಕ್ಸಾಂದ್ರಿಯದ ಮಾರ್ಗವಾಗಿ ಜೆರುಸಲೇಮಿಗೆ ಬಂದರು. ಇಷ್ಟು ಹೊತ್ತಿಗೆ ಕೈ ಬಹುಮಟ್ಟಿಗೆ ಬರಿದಾಗಿತ್ತು. ದೇವಾಲಯದಿಂದ ಅನ್ನ ಪಡೆಯುವ ಬಡವರ ಪಟ್ಟಿಯಲ್ಲಿ ತಮ್ಮ ಹೆಸರನ್ನೂ ಬರೆಸಿಕೊಳ್ಳಬೇಕೆಂದು ದಂಪತಿಗಳು ಯೋಚಿಸಿದ್ದುಂಟು. ಅಷ್ಟರಲ್ಲಿ ಸ್ಪೇನಿನಲ್ಲಿ ಉಳಿದಿದ್ದ ಜಮೀನು ಮಾರಾಟವಾಗಿ ಸ್ವಲ್ಪ ಹಣ ಬಂತು. ಅದನ್ನು ಹಂಚಲು ಈಜಿಪ್ಟಿನ ತಪಸ್ವಿಗಳ ಬಳಿಗೆ ಹೋದಾಗ ಒಂದು ಸ್ವಾರಸ್ಯಕರ ಪ್ರಸಂಗ ನಡೆಯಿತು. ಹೆಫೆಸ್ತಿಯೋನ್ ಎಂಬ ವೃದ್ಧ ತಪಸ್ವಿಯು ಎಷ್ಟು ಬೇಡಿದರೂ ಹಣವನ್ನು ಸ್ವೀಕರಿಸಲಿಲ್ಲ. ಆತನ ಗುಡಿಸಲಿನಲ್ಲಿ ಒಂದು ಚಾಪೆ, ಒಂದಿಷ್ಟು ಒಣರೊಟ್ಟಿ, ಉಪ್ಪಿನ ಪುಟ್ಟಿ ಬಿಟ್ಟರೆ ಬೇರೇನೂ ಇರಲಿಲ್ಲ. ಮೆಲಾನಿಯಾ ಮೆಲ್ಲನೆ ನಾಣ್ಯಗಳನ್ನು ಉಪ್ಪಿನೊಳಗೆ ಹುದುಗಿಸಿ, ಆಶೀರ್ವಾದ ಪಡೆದು ಲಗುಬಗೆಯಿಂದ ಹೊರಟುಬಿಟ್ಟಳು. ನದಿ ದಾಟುವಷ್ಟರಲ್ಲಿ ಮುದುಕನು ಹಣ ಹಿಡಿದು ಹಿಂದೆಯೇ ಓಡಿಬಂದನು. ಬಡವರಿಗೆ ಕೊಡಿರೆಂದರೆ, ಈ ಮರಳುಗಾಡಿನಲ್ಲಿ ಬಡವರನ್ನು ಎಲ್ಲಿಂದ ತರಲಿ ಎಂಬುದು ಆತನ ಆಕ್ಷೇಪ. ಆಕೆ ತಿರುಗಿ ತೆಗೆದುಕೊಳ್ಳಲಿಲ್ಲ. ಆತನು ಚಿನ್ನವನ್ನು ನದಿಗೆ ಎಸೆದುಬಿಟ್ಟನು. ಭಕ್ತರು ಈ ಕಥೆಯನ್ನು ತಪಸ್ವಿಯ ವೈರಾಗ್ಯಕ್ಕಾಗಿ ಮೆಚ್ಚುತ್ತಾರೆ. ಬೇಡದವನ ಕೈಗೆ ಬಲವಂತದಿಂದ ತುರುಕಿದ ದಾನವು ಯಾರ ಹೊಟ್ಟೆಯನ್ನೂ ತುಂಬಲಿಲ್ಲವೆಂಬುದು ನಮ್ಮ ಮನಸ್ಸಿಗೆ ಹೆಚ್ಚಾಗಿ ತೋರುತ್ತದೆ.

ಹಿಂತಿರುಗಿದ ಮೇಲೆ ಓಲಿವ್ ಗುಡ್ಡದಲ್ಲಿ ಒಂದು ಚಿಕ್ಕ ಕೋಣೆಯನ್ನು ಕಟ್ಟಿಸಿಕೊಂಡು ಹದಿನಾಲ್ಕು ವರ್ಷ ಅಲ್ಲಿ ತಪಸ್ಸಿನಲ್ಲಿ ಕಳೆದಳು. ಹಳೆಯ ಒಡಂಬಡಿಕೆಯನ್ನೂ ಹೊಸ ಒಡಂಬಡಿಕೆಯನ್ನೂ ವರ್ಷಕ್ಕೆ ಮೂರು ನಾಲ್ಕು ಬಾರಿ ಪೂರ್ತಿಯಾಗಿ ಓದುತ್ತಿದ್ದಳು. ಅಂದವಾದ ಅಕ್ಷರಗಳಲ್ಲಿ ತಪ್ಪಿಲ್ಲದೆ ಗ್ರಂಥಗಳನ್ನು ನಕಲು ಮಾಡುತ್ತಿದ್ದಳು. ಹಣ ಮುಗಿದ ಮೇಲೆ ಕೈಯ ಕೆಲಸ ಉಳಿಯಿತು. ಬೆತ್ಲೆಹೇಮಿನಲ್ಲಿದ್ದ ವೃದ್ಧ ಸಂತ ಜೆರೋಮರೂ ಅಗುಸ್ತೀನರಿಗೆ ಬರೆದ ಒಂದು ಪತ್ರದಲ್ಲಿ ಈ ಮೂವರ ವಂದನೆಗಳನ್ನು ತಿಳಿಸಿದ್ದಾರೆ. 431ರಲ್ಲಿ ತಾಯಿ ಅಲ್ಬೀನಾ, ಸ್ವಲ್ಪ ಕಾಲದಲ್ಲಿಯೇ ಪಿನಿಯಾನನು ತೀರಿಕೊಂಡರು. ಹದಿಹರೆಯದಲ್ಲಿ ಬಲವಂತದಿಂದ ಕಟ್ಟಿಕೊಂಡ ಗಂಡನೇ ಮೂವತ್ತೈದು ವರ್ಷ ಆಕೆಯ ಸಹಯಾತ್ರಿಕನಾಗಿದ್ದನು. ಆಕೆಯ ಪ್ರತಿಯೊಂದು ತ್ಯಾಗಕ್ಕೂ ಅವನ ಸಹಿ ಬೇಕಾಗಿತ್ತೆಂಬುದನ್ನು ನಾವು ಮರೆಯುವುದುಂಟು, ನಾಮಾವಳಿ ಮರೆತಿಲ್ಲ.

ಆಕೆ ಗುಡ್ಡದ ಮೇಲೆ ಕನ್ಯಾಮಠವೊಂದನ್ನು ಕಟ್ಟಿಸಿದ್ದಳು. ಅದರಲ್ಲಿ 90 ಮಂದಿ ಸ್ತ್ರೀಯರಿದ್ದರು. ಬೀದಿಯ ಬಾಳಿನಿಂದ ಬಿಡಿಸಿ ಕರೆತಂದವರೂ ಅವರಲ್ಲಿದ್ದರು. ಮಠಾಧ್ಯಕ್ಷೆಯಾಗಲು ಮಾತ್ರ ಆಕೆ ಒಪ್ಪಲಿಲ್ಲ. ಬೇರೊಬ್ಬಳನ್ನು ಆ ಸ್ಥಾನದಲ್ಲಿರಿಸಿ, ಆ ಅಧ್ಯಕ್ಷೆಯು ತುಸು ಕಠಿಣಳಾದಾಗ, ಬಳಲಿದ ಸಹೋದರಿಯರಿಗೆ ಬೇಕಾದುದನ್ನು ಗುಟ್ಟಾಗಿ ತಾನೇ ಒದಗಿಸುತ್ತಿದ್ದಳು. ಪತಿಯ ಮರಣಾನಂತರ ಪುರುಷರಿಗಾಗಿ ಒಂದು ಮಠವನ್ನು ಕಟ್ಟಬೇಕೆನ್ನಿಸಿತು. ಕೈಯಲ್ಲಿ ಏನೂ ಇರಲಿಲ್ಲ. ಯಾರೋ ಒಬ್ಬ ಭಕ್ತನು 200 ನಾಣ್ಯ ತಂದುಕೊಟ್ಟನು. ಒಂದು ಕಾಲದಲ್ಲಿ ಸಾವಿರಗಳನ್ನು ಕೈಬೀಸಿ ಹಂಚಿದ್ದವಳು ಆ 200ನ್ನು ಗಂಟು ಕಟ್ಟಿ, ಒಬ್ಬ ಗುರುವನ್ನು ಕರೆದು, ಕಲ್ಲು ತರಿಸಲು ಹಚ್ಚಿದಳು. ಒಂದೇ ವರ್ಷದಲ್ಲಿ ಕಟ್ಟಡ ಎದ್ದಿತು. ಇಷ್ಟೇ ಹಣವಿದ್ದು ಕಟ್ಟಡ ಆರಂಭಿಸುವ ಕಷ್ಟವೇನೆಂಬುದು, ಈ ನೂರು ವರ್ಷಗಳ ದೇವಾಲಯವನ್ನು ಕಂಡ ನಮ್ಮ ಹಿರಿಯರಿಗೆ ಹೇಳಬೇಕಾದುದಿಲ್ಲ.

436ರ ಕೊನೆಯಲ್ಲಿ, ಕ್ರೈಸ್ತನಾಗದೆ ಉಳಿದಿದ್ದ ಸೋದರಮಾವ ವೊಲುಸಿಯಾನುಸನು ರಾಯಭಾರಿಯಾಗಿ ಕಾನ್‍ಸ್ತಾಂತಿನೋಪಲಿಗೆ ಬಂದಿರುವ ಸುದ್ದಿ ತಿಳಿದು, ಆಕೆ ಅಷ್ಟು ದೂರ ಪ್ರಯಾಣ ಮಾಡಿದಳು. ಒಂದು ಕಾಲಕ್ಕೆ ಅಗುಸ್ತೀನರೇ ಪತ್ರ ಬರೆದು ವಾದಿಸಿದ್ದರೂ ಬಗ್ಗದವನು, ಒರಟು ಬಟ್ಟೆಯುಟ್ಟ ಸೋದರಸೊಸೆಯನ್ನು ಕಂಡು ಕರಗಿದನು. ಕಾಯಿಲೆ ಬಿದ್ದಿದ್ದ ಅವನು ಜ್ಞಾನಸ್ನಾನ ಪಡೆದು, 437ರ ಜನವರಿ 6ರಂದು, ಪ್ರಭುಪ್ರಕಾಶದ ಹಬ್ಬದ ದಿನ ತೀರಿಕೊಂಡನು. ಚಳಿಗಾಲದ ಹಿಮದಲ್ಲಿಯೇ ಹಿಂತಿರುಗಿ ಹೊರಟು, ಪಾಸ್ಕ ಹಬ್ಬವನ್ನು ತನ್ನ ಸಹೋದರಿಯರೊಡನೆ ಆಚರಿಸಬೇಕೆಂಬ ಹಟದಿಂದ, ಪವಿತ್ರ ವಾರದಲ್ಲಿ ಆಕೆ ಜೆರುಸಲೇಮನ್ನು ಸೇರಿದಳು.

439ರ ಕ್ರಿಸ್ತಜಯಂತಿಗೆ ಬಂಧುವಾದ ಕನ್ಯೆ ಪೌಲಾಳೊಡನೆ ಬೆತ್ಲೆಹೇಮಿನ ಗುಹೆಗೆ ಹೋಗಿ ರಾತ್ರಿಯೆಲ್ಲ ಜಾಗರಣೆ ಮಾಡಿದಳು. ಇನ್ನು ಮುಂದಿನ ಕ್ರಿಸ್ತಜಯಂತಿಗೆ ತಾನಿರುವುದಿಲ್ಲವೆಂದು ಆಕೆ ತಿಳಿಸಿದಾಗ ಪೌಲಾ ಕಣ್ಣೀರಿಟ್ಟಳು. ಮರುದಿನ ಆದಿ ರಕ್ತಸಾಕ್ಷಿ ಸಂತ ಸ್ತೇಫನರ ಹಬ್ಬ. ಅಂದಿನ ಬಲಿಪೂಜೆಯ ಬಳಿಕ ಮಠಕ್ಕೆ ಬಂದು, ಸಹೋದರಿಯರಿಗಾಗಿ ಸ್ತೇಫನರ ಮರಣದ ಪಾಠವನ್ನು ತಾನೇ ಓದಿದಳು. ಬಳಿಕ ಚಳಿ ನಡುಕದಿಂದ ಹಾಸಿಗೆ ಹಿಡಿದಳು.

ಡಿಸೆಂಬರ್ 31 ಭಾನುವಾರವಾಗಿತ್ತು. ಮುಂಜಾನೆ ಗೆರೊಂತಿಯುಸರು ಬಲಿಪೂಜೆ ಅರ್ಪಿಸುವಾಗ ದುಃಖದಿಂದ ಗಂಟಲು ಕಟ್ಟಿ ಸ್ವರ ಹೊರಡದಾಯಿತು. ಮಲಗಿದ್ದಲ್ಲಿಂದಲೇ ಆಕೆ ಪವಿತ್ರಾತ್ಮರನ್ನು ಆಹ್ವಾನಿಸುವ ಪ್ರಾರ್ಥನೆ ತನಗೆ ಕೇಳಿಸುವಂತೆ ಗಟ್ಟಿಯಾಗಿ ಹೇಳಬೇಕೆಂದು ಹೇಳಿಕಳುಹಿಸಿದಳು. ಧರ್ಮಾಧ್ಯಕ್ಷರು ಬಂದು ಪರಮ ಪ್ರಸಾದ ನೀಡಿದರು. ಸಹೋದರಿಯರನ್ನೂ ಗುರುಗಳನ್ನೂ ಒಬ್ಬೊಬ್ಬರನ್ನಾಗಿ ಕರೆದು ಬೀಳ್ಕೊಂಡು, ಸಂಜೆಯ ಹೊತ್ತಿಗೆ ಶಾಂತವಾಗಿ ಪ್ರಾಣವನ್ನೊಪ್ಪಿಸಿದಳು.

ಬ್ರಿಟನ್ನಿನಿಂದ ಆಫ್ರಿಕದವರೆಗೆ ಹರಡಿದ್ದ ಆ ಸಂಪತ್ತಿನಲ್ಲಿ ಆಕೆಯ ಬಳಿ ಕೊನೆಗೆ ಉಳಿದಿದ್ದುದು, ಬಲಿಪೂಜೆಯ ಕಾಣಿಕೆಗೆಂದು ತೆಗೆದಿಟ್ಟಿದ್ದ 50 ನಾಣ್ಯಗಳು. ಪಿತ್ರಾರ್ಜಿತದಲ್ಲಿ ಇಷ್ಟೂ ತನ್ನಲ್ಲಿ ಉಳಿಯಬಾರದೆಂದು ಅವನ್ನೂ ಒಬ್ಬ ಧರ್ಮಾಧ್ಯಕ್ಷರಿಗೆ ಕಳುಹಿಸಿಬಿಟ್ಟಿದ್ದಳು. ಆಕೆಯ ದೇಹಕ್ಕೆ ಹೊಸ ವಸ್ತ್ರವನ್ನು ಕೊಳ್ಳಲಿಲ್ಲ. ಒಬ್ಬ ಪುಣ್ಯವಂತರ ಅಂಗಿ, ಇನ್ನೊಬ್ಬರ ಮುಸುಕು, ಮತ್ತೊಬ್ಬರ ನಡುಪಟ್ಟಿ, ಹೀಗೆ ಬದುಕಿದ್ದಾಗ ಆಕೆಗೆ ಕಾಣಿಕೆಯಾಗಿ ಬಂದಿದ್ದ ಉಡುಪುಗಳನ್ನೇ ತೊಡಿಸಿ, ಓಲಿವ್ ಗುಡ್ಡದಲ್ಲಿ ಸಮಾಧಿ ಮಾಡಿದರು.